ಆಟಕ್ಕುಂಟು, ಲೆಕ್ಕಕ್ಕಿಲ್ಲ

ಭಾಗ 1/8

ಫೋಟೋದಲ್ಲಿ ಕಾಣ್ತಿರೋದು ನಮ್ಮ ಲ್ಯಾಬ್‌ನ ಮೂರನೇ ಸಾಲಿನ ಕೊನೇ ಕಂಪ್ಯೂಟರ್. ಸ್ಪೇಸ್ ಬಾರ್ ಅರ್ಧ ಕಿತ್ತುಹೋಗಿರೋದು. ನಾನು ತಪ್ಪು ಮಾಡಿದ್ದು ಇಲ್ಲೇ ಕೂತು.

ಸುತ್ತಿ ಬಳಸಿ ಹೇಳಲ್ಲ. ನಮ್ಮ ಕ್ಲಾಸಲ್ಲಿ ಒಂದು ಜಾಗ ಖಾಲಿ ಇದೆಯಲ್ಲ, ಅದಕ್ಕೆ ಅರ್ಧ ಕಾರಣ ನಾನು ಬರೆದ ನಾಲ್ಕು ಸಾಲಿನ ಕ್ವೆರಿ.

ಕಳೆದ ಸೆಮಿಸ್ಟರ್‌ನಲ್ಲಿ ಹಾಜರಾತಿ ಕಡಿಮೆ ಇರೋರ ಪಟ್ಟಿ ತೆಗೆಯೋಕೆ ನಮ್ಮಲ್ಲಿ ಮೂರು ಜನರನ್ನ ಕೂರಿಸಿದ್ರು. ಉದ್ದೇಶ ಒಳ್ಳೇದೇ. 75 ಪರ್ಸೆಂಟ್ ಇಲ್ಲ ಅಂದ್ರೆ ಪರೀಕ್ಷೆಗೆ ಕೂರೋಕೆ ಬಿಡಲ್ಲ. ಕೊನೇ ವಾರದಲ್ಲಿ ಅಳೋ ಬದಲು ಆರನೇ ವಾರಕ್ಕೇ ಲೆಕ್ಕ ತೆಗೆದು, ಹತ್ತು ದಿನಕ್ಕಿಂತ ಕಡಿಮೆ ಬಂದವರ ಮನೆಗೆ ಫೋನ್ ಮಾಡಿ ಏನಾಗಿದೆ ಅಂತ ವಿಚಾರಿಸೋಣ ಅಂತ ನಮ್ಮ ಮೇಡಂ ಪ್ಲಾನ್ ಮಾಡಿದ್ರು.

ಎರಡು ಟೇಬಲ್ ಇತ್ತು. ಒಂದರಲ್ಲಿ ವಿದ್ಯಾರ್ಥಿಗಳು, ಒಬ್ಬರಿಗೆ ಒಂದು ಸಾಲು. ಇನ್ನೊಂದರಲ್ಲಿ ಹಾಜರಾತಿ, ಬಂದ ಪ್ರತಿ ದಿನಕ್ಕೆ ಒಂದು ಸಾಲು. ನಾನು ಎರಡನ್ನೂ ಜಾಯಿನ್ ಮಾಡಿ, ಗ್ರೂಪ್ ಬೈ ಹಾಕಿ, ಯಾರ ಹೆಸರಿಗೆ ಎಷ್ಟು ಸಾಲು ಅಂತ ಎಣಿಸಿ, ಹತ್ತಕ್ಕಿಂತ ಕಡಿಮೆ ಇರೋರನ್ನ ಸೋಸಿದೆ. 11 ಹೆಸರು ಬಂತು. ಪ್ರಿಂಟ್ ತೆಗೆದು ಕೊಟ್ಟೆ. ಎಲ್ಲರೂ ಭೇಷ್ ಅಂದ್ರು.

ಹನ್ನೊಂದು ಮನೆಗೆ ಫೋನ್ ಹೋಯ್ತು. ಹನ್ನೆರಡನೇ ಮನೆಗೆ ಹೋಗಲಿಲ್ಲ. ಯಾಕಂದ್ರೆ ಆ ಮನೆ ಹುಡುಗ ಆ ಸೆಮಿಸ್ಟರ್‌ನಲ್ಲಿ ಒಂದು ದಿನಾನೂ ಬಂದಿರಲಿಲ್ಲ.

ಇನ್ನೊಂದ್ಸಲ ಓದಿ. ಒಂದೇ ಒಂದು ದಿನ ಬಂದಿದ್ದವಳ ಹೆಸರು ಪಟ್ಟಿಯ ತಲೆ ಮೇಲಿತ್ತು. ಒಂದು ದಿನಾನೂ ಬಾರದವನ ಹೆಸರು ಪಟ್ಟೀಲೇ ಇರಲಿಲ್ಲ.

ಭಾಗ 2/8

ಅವನ ಒಪ್ಪಿಗೆ ಕೇಳಿಯೇ ಇದನ್ನ ಬರೀತಿದೀನಿ. ಹೆಸರು ಹೇಳಲ್ಲ, ನೀವೂ ಕಾಮೆಂಟಲ್ಲಿ ಹಾಕ್ಬೇಡಿ.

ಅವರಪ್ಪನಿಗೆ ಸ್ಟ್ರೋಕ್ ಆಗಿತ್ತು. ರಜೆಯಲ್ಲಿ ಎಪಿಎಂಸಿ ಯಾರ್ಡಲ್ಲಿ ತೂಕದ ಚೀಟಿ ಬರೆಯೋ ಕೆಲಸಕ್ಕೆ ಸೇರಿದವನು ಕಾಲೇಜು ಶುರುವಾದ್ರೂ ಬಿಡೋಕಾಗಲಿಲ್ಲ. ಇವತ್ತು ಬರ್ತೀನಿ, ನಾಳೆ ಬರ್ತೀನಿ ಅಂತ ವಾರಗಳು ಹೋದವು. ಪರೀಕ್ಷಾ ಶುಲ್ಕದ ಕೊನೇ ದಿನವೂ ಹೋಯ್ತು.

ಫೋನ್ ಹೋದ ಹನ್ನೊಂದು ಜನರಲ್ಲಿ ಏಳು ಜನ ಮರುವಾರವೇ ಬಂದ್ರು. ಒಬ್ಬಳ ಬಸ್ ಪಾಸ್ ಸಮಸ್ಯೆ ಬಗೆಹರೀತು. ಮಧ್ಯಾಹ್ನ ಕೆಲಸಕ್ಕೆ ಹೋಗ್ತಿದ್ದ ಒಬ್ಬನ್ನ ಬೆಳಗಿನ ಸೆಕ್ಷನ್‌ಗೆ ಹಾಕಿದ್ರು. ಅಂದ್ರೆ ಒಂದು ಫೋನ್ ಕಾಲ್‌ಗೆ ಬೆಲೆ ಇತ್ತು.

ಪರೀಕ್ಷೆ ಮುಗಿದ ಮೇಲೆ ಯಾರ್ಡಲ್ಲಿ ಅವನು ಸಿಕ್ಕ. ಟೀ ಕುಡಿದ್ವಿ. ಅವನು ಅಂದಿದ್ದು ಇಷ್ಟೇ: "ನಮ್ ರೂಟಿನ ಹುಡುಗನ ಮನೆಗೆಲ್ಲ ಫೋನ್ ಬಂತಂತೆ. ನಮ್ಮನೆಗೆ ಬರ್ಲಿಲ್ಲ. ಹೆಸರು ತೆಗೆದುಹಾಕಿರ್ಬೇಕು ಅಂದ್ಕೊಂಡೆ ಕಣೋ."

ಯಾರೂ ಹೆಸರು ತೆಗೆದಿರಲಿಲ್ಲ. ಅಡ್ಮಿಷನ್ ರಿಜಿಸ್ಟರಲ್ಲಿ ಇದ್ದ, ಫೀಸ್ ಕಟ್ಟಿದವರ ಲಿಸ್ಟಲ್ಲಿ ಇದ್ದ, ವಾಟ್ಸಾಪ್ ಗ್ರೂಪಲ್ಲೂ ಇದ್ದ. ಚಿಕ್ಕೋರಿದ್ದಾಗ ಬೀದಿ ಕ್ರಿಕೆಟ್‌ನಲ್ಲಿ ಪಕ್ಕದ್ಮನೆ ಪುಟ್ಟ ತಮ್ಮನ್ನ ಸೇರಿಸ್ಕೊಳ್ತಿದ್ವಲ್ಲ, ಆಟಕ್ಕುಂಟು ಲೆಕ್ಕಕ್ಕಿಲ್ಲ ಅಂತ. ನನ್ನ ಕ್ವೆರಿ ಇಪ್ಪತ್ತು ವರ್ಷದ ಹುಡುಗನಿಗೆ ಮಾಡಿದ್ದು ಅದನ್ನೇ.

ಈ ಸರಣಿ ಬರೀತಿರೋದು ಕ್ಷಮೆ ಕೇಳೋಕಲ್ಲ, ಅದನ್ನ ಅವನ ಹತ್ರ ಕೇಳಾಯ್ತು. ನೀವೆಲ್ಲ ದಿನಾ ಇದೇ ತಪ್ಪು ಮಾಡ್ತಿದೀರ, ಮಾಡಿ ರೆಕಾರ್ಡ್ ಬುಕ್‌ಗೆ ಸೈನ್ ತಗೊಳ್ತಿದೀರ. ಅದಕ್ಕೆ ಬರೀತಿದೀನಿ.

ಭಾಗ 3/8

ಏನಾಯ್ತು ಅಂತ ನೋಡೋಣ. ಸಣ್ಣ ಉದಾಹರಣೆ, ಐದೇ ಜನ. (ಫೋಟೋದಲ್ಲಿ ನನ್ನ ರಫ್ ನೋಟ್‌ಬುಕ್. ಅಕ್ಷರ ಹೀಗೇ ಇರೋದು, ಅಡ್ಜಸ್ಟ್ ಮಾಡ್ಕೊಳ್ಳಿ.)

ರೋಲ್ ನಂಬರ್ 1: ಮೂರು ದಿನ ಬಂದ.
ರೋಲ್ ನಂಬರ್ 2: ಎರಡು ದಿನ.
ರೋಲ್ ನಂಬರ್ 3: ಒಂದು ದಿನ.
ರೋಲ್ ನಂಬರ್ 4: ಒಂದು ದಿನ.
ರೋಲ್ ನಂಬರ್ 5: ಬಂದೇ ಇಲ್ಲ.

ಹಾಜರಾತಿ ಟೇಬಲಲ್ಲಿ ಒಟ್ಟು ಏಳು ಸಾಲು. ರೋಲ್ ನಂಬರ್ 5ರ ಹೆಸರಿಗೆ ಒಂದೂ ಇಲ್ಲ.

ಬರೀ ಜಾಯಿನ್ ಅಂತ ಬರೆದ್ರೆ ಅದು ಇನ್ನರ್ ಜಾಯಿನ್. ಎರಡೂ ಕಡೆ ಜೋಡಿ ಸಿಕ್ಕಿದ್ರೆ ಮಾತ್ರ ಸಾಲು ಉಳಿಯುತ್ತೆ, ಇಲ್ಲಾಂದ್ರೆ ಇಲ್ಲ. ಐದನೆಯವನಿಗೆ ಜೋಡಿ ಇಲ್ಲ, ಅವನು ಹೋದ. ಗ್ರೂಪ್ ಬೈ ಬರೋ ಹೊತ್ತಿಗೆ ಅವನು ಅಲ್ಲಿಲ್ಲ. ಎಣಿಸೋ ಹೊತ್ತಿಗೂ ಇಲ್ಲ. "ಹತ್ತಕ್ಕಿಂತ ಕಡಿಮೆ" ಅಂತ ಸೋಸೋ ಹೊತ್ತಿಗಂತೂ ಇಲ್ಲವೇ ಇಲ್ಲ. ಸೊನ್ನೆ ಹತ್ತಕ್ಕಿಂತ ಕಡಿಮೆ ಅಂತ ಎರಡನೇ ಕ್ಲಾಸ್ ಮಗುವಿಗೂ ಗೊತ್ತು. ಆದ್ರೆ ಹೋಲಿಸೋಕೆ ಅಲ್ಲೊಂದು ಸೊನ್ನೆ ಇರಬೇಕಲ್ಲ? ಇನ್ನರ್ ಜಾಯಿನ್ ಹಾಕಿ ಎಣಿಸಿದ ಪಟ್ಟೀಲಿ ಅತಿ ಚಿಕ್ಕ ಸಂಖ್ಯೆ ಒಂದು. ಸೊನ್ನೆ ಅಲ್ಲಿ ಹುಟ್ಟೋದೇ ಇಲ್ಲ.

ಇದರಲ್ಲಿ ಭಯ ಹುಟ್ಟಿಸೋ ವಿಷಯ ಏನು ಗೊತ್ತಾ? ಎರರ್ ಬರಲ್ಲ. ಕೆಂಪು ಅಕ್ಷರ ಬರಲ್ಲ. ಕಾಮಾ ಬಿಟ್ರೆ ಬೈಯೋ ಸಾಫ್ಟ್‌ವೇರ್, ಒಬ್ಬ ಮನುಷ್ಯನನ್ನ ಬಿಟ್ರೆ ಏನೂ ಅನ್ನಲ್ಲ. ನೀಟಾಗಿ ನಾಲ್ಕು ಸಾಲಿನ ಉತ್ತರ ಕೊಟ್ಟು ಸುಮ್ಮನಾಗುತ್ತೆ. ನಾವೂ ಸುಮ್ಮನಾಗ್ತೀವಿ.

ಭಾಗ 4/8

"ಅಯ್ಯೋ, ಲೆಫ್ಟ್ ಜಾಯಿನ್ ಹಾಕಿದ್ರೆ ಆಯ್ತಲ್ವಾ?" ಅಂತ ಹೋದ ಪೋಸ್ಟಿಗೆ ಹನ್ನೆರಡು ಜನ ಕಾಮೆಂಟ್ ಮಾಡಿದೀರ. ಆಗಲ್ಲ. ಪೂರ್ತಿ ಕೇಳಿ.

ಲೆಫ್ಟ್ ಜಾಯಿನ್ ಹಾಕಿದ್ರೆ ಎಡಗಡೆ ಟೇಬಲಿನ ಎಲ್ಲರೂ ಉಳೀತಾರೆ, ಸರಿ. ಐದನೆಯವನಿಗೂ ಒಂದು ಸಾಲು ಸಿಗುತ್ತೆ, ಹಾಜರಾತಿ ಕಾಲಮ್ಮುಗಳೆಲ್ಲ ನಲ್ ಆಗಿರುತ್ತೆ. ಈಗ ನೀವು ಕೌಂಟ್ ಸ್ಟಾರ್ ಹಾಕ್ತೀರ. ಕೌಂಟ್ ಸ್ಟಾರ್ ಎಣಿಸೋದು ಸಾಲುಗಳನ್ನ. ಅವನ ಹೆಸರಿಗೆ ಒಂದು ಸಾಲಿದೆ, ಹಾಗಾಗಿ ಉತ್ತರ 1.

ಬಂದೇ ಇಲ್ಲದವನಿಗೂ ಒಂದು, ಒಂದು ದಿನ ಬಂದವನಿಗೂ ಒಂದು. ಮೊದಲು ಅವನು ಕಾಣ್ತಾನೇ ಇರಲಿಲ್ಲ. ಈಗ ಕಾಣ್ತಾನೆ, ಸುಳ್ಳು ಹಾಜರಾತಿ ಹೊತ್ತುಕೊಂಡು.

ಸರಿಯಾದ ದಾರಿ: ಕೌಂಟ್ ಒಳಗೆ ಸ್ಟಾರ್ ಬದಲು ಹಾಜರಾತಿ ಟೇಬಲಿನ ಕಾಲಮ್ ಹೆಸರು ಕೊಡಿ, ಅದರ ಪ್ರೈಮರಿ ಕೀ ಆದ್ರೆ ಉತ್ತಮ. ಕಾಲಮ್ ಕೊಟ್ಟಾಗ ಕೌಂಟ್ ನಲ್‌ಗಳನ್ನ ಬಿಟ್ಟು ಎಣಿಸುತ್ತೆ. ಆಗ ಐದನೆಯವನಿಗೆ 0 ಬರುತ್ತೆ.

ಈಗ ಮೂರೂ ವಿಧಾನದಲ್ಲಿ ಸರಾಸರಿ ತೆಗೀರಿ. ಕ್ಯಾಲ್ಕುಲೇಟರ್ ಬೇಡ.

ಇನ್ನರ್ ಜಾಯಿನ್: ಏಳು ದಿನ, ನಾಲ್ಕು ಜನ, 1.75.
ಲೆಫ್ಟ್ ಜಾಯಿನ್, ಕೌಂಟ್ ಸ್ಟಾರ್: ಎಂಟು "ದಿನ", ಐದು ಜನ, 1.6.
ಲೆಫ್ಟ್ ಜಾಯಿನ್, ಕೌಂಟ್ ಒಳಗೆ ಕಾಲಮ್: ಏಳು ದಿನ, ಐದು ಜನ, 1.4.

ಅದೇ ಕಾಲೇಜು, ಅದೇ ಮಕ್ಕಳು, ಅದೇ ಡೇಟಾ. ಮೂರು ಉತ್ತರ. ಮೊದಲನೆಯದೇ ನೋಡೋಕೆ ಚೆಂದ. ತಪ್ಪು ಕ್ವೆರಿಯ ಗುಣವೇ ಅದು, ಬಿಟ್ಟುಹೋದವರನ್ನ ಲೆಕ್ಕದಿಂದ ತೆಗೆದು ಉಳಿದವರ ಸರಾಸರಿ ಏರಿಸುತ್ತೆ. ವರದಿ ಮೇಲೆ ಸೈನ್ ಹಾಕೋರಿಗೆ ಖುಷಿ. ಯಾರು ಯಾಕೆ ಪ್ರಶ್ನೆ ಮಾಡ್ತಾರೆ?

ಭಾಗ 5/8

ಇನ್ನೆರಡು ಗುಂಡಿ ಇವೆ. ಬಿದ್ದ ಮೇಲೆ ಬೈಕೊಳ್ಳೋ ಬದಲು ಈಗಲೇ ನೋಡ್ಕೊಳ್ಳಿ. ಸೇವ್ ಮಾಡ್ಕೊಳ್ಳಿ, ಇಂಟರ್ನಲ್ಸ್‌ಗೂ ಬರುತ್ತೆ.

ಒಂದನೇ ಗುಂಡಿ. ಲೆಫ್ಟ್ ಜಾಯಿನ್ ಸರಿಯಾಗೇ ಹಾಕಿದ್ರಿ. ಆಮೇಲೆ ಜುಲೈ ತಿಂಗಳದ್ದು ಮಾತ್ರ ಬೇಕು ಅಂತ ಕೆಳಗೆ ವೇರ್‌ನಲ್ಲಿ "ಹಾಜರಾತಿಯ ತಿಂಗಳು ಜುಲೈ" ಅಂತ ಷರತ್ತು ಬರೆದ್ರಿ. ಐದನೆಯವನ ತಿಂಗಳು ನಲ್. ನಲ್ ಜುಲೈಗೆ ಸಮವಾ? ಗೊತ್ತಿಲ್ಲ ಅನ್ನುತ್ತೆ ಡೇಟಾಬೇಸ್. ಗೊತ್ತಿಲ್ಲ ಅಂದ್ರೆ ವೇರ್ ಒಳಗೆ ಬಿಡಲ್ಲ. ಮುಂದಿನ ಬಾಗಿಲಿಂದ ಕರ್ಕೊಂಡು ಬಂದವನನ್ನ ಹಿಂದಿನ ಬಾಗಿಲಿಂದ ಆಚೆ ತಳ್ಳಿದ ಹಾಗಾಯ್ತು. ಆ ಷರತ್ತು ಇರಬೇಕಾದ್ದು ವೇರ್‌ನಲ್ಲಲ್ಲ, ಜಾಯಿನ್ ಪಕ್ಕದ ಆನ್‌ನಲ್ಲಿ.

ಎರಡನೇ ಗುಂಡಿ ಕಾಮರ್ಸ್‌ನವರಿಗೆ ಹೆಚ್ಚು ಅಪಾಯ. ಹಾಜರಾತಿ ಜೊತೆಗೆ ಫೀಸ್ ರಸೀದಿ ಟೇಬಲನ್ನೂ ಅದೇ ಕ್ವೆರಿಗೆ ಜೋಡಿಸಿದ್ರಿ ಅನ್ಕೊಳ್ಳಿ. ರೋಲ್ ನಂಬರ್ 1 ಮೂರು ದಿನ ಬಂದಿದಾನೆ, 5,000 ರೂಪಾಯಿಯಂತೆ ಎರಡು ಕಂತು ಕಟ್ಟಿದಾನೆ. ಪ್ರತಿ ದಿನದ ಸಾಲೂ ಪ್ರತಿ ರಸೀದಿ ಜೊತೆ ಜೋಡಿಯಾಗುತ್ತೆ. ಮೂರು ಎರಡಲೇ ಆರು. ಹಾಜರಾತಿ ಎಣಿಸಿದ್ರೆ ಆರು, ರಸೀದಿ ಎಣಿಸಿದ್ರೂ ಆರು. ಕಟ್ಟಿದ ಹಣ ಕೂಡಿದ್ರೆ 30,000. ಅವನು ಕಟ್ಟಿದ್ದು 10,000.

"ಡಿಸ್ಟಿಂಕ್ಟ್ ಹಾಕಿದ್ರೆ ಸರಿಹೋಗುತ್ತೆ" ಅಂತ ಸೀನಿಯರ್ ಒಬ್ಬರು ಹೇಳ್ಕೊಟ್ಟಿರ್ತಾರೆ. ರಸೀದಿ ನಂಬರ್ ಎಣಿಸೋಕೆ ಸರಿ. ಹಣ ಕೂಡೋವಾಗ ಡಿಸ್ಟಿಂಕ್ಟ್ ಹಾಕಿ ನೋಡಿ: ಎರಡು ಕಂತೂ 5,000ವೇ ಆಗಿರೋದ್ರಿಂದ ಒಂದನ್ನ ನುಂಗಿ 5,000 ಅನ್ನುತ್ತೆ. 30,000ವೂ ತಪ್ಪು, 5,000ವೂ ತಪ್ಪು.

ದಾರಿ ಸರಳ. ಹಾಜರಾತೀನ ಬೇರೆಯಾಗಿ ಗ್ರೂಪ್ ಮಾಡಿ ಎಣಿಸಿ. ರಸೀದೀನ ಬೇರೆಯಾಗಿ ಗ್ರೂಪ್ ಮಾಡಿ ಕೂಡಿ. ಇಬ್ಬರಿಗೂ ವಿದ್ಯಾರ್ಥಿಗೆ ಒಂದೇ ಸಾಲು ಅಂತ ಆದ್ಮೇಲೆ ವಿದ್ಯಾರ್ಥಿ ಪಟ್ಟಿಗೆ ಲೆಫ್ಟ್ ಜಾಯಿನ್ ಮಾಡಿ. ಸಿಗದೇ ಇದ್ದ ಕಡೆ ನಲ್ ಬರುತ್ತೆ, ಅಲ್ಲಿ ಕೋಲೆಸ್ ಹಾಕಿ 0 ಮಾಡಿ. ಲೆಡ್ಜರ್ ಬೇರೆ ಬೇರೆ ಬರೆದು ಆಮೇಲೆ ಟ್ರಯಲ್ ಬ್ಯಾಲೆನ್ಸಿಗೆ ತರೋದು ನಮಗೆ ಹೊಸದಾ?

ಭಾಗ 6/8

ಈಗ ನಿಮ್ಮ ವಾದಗಳಿಗೆ ಬರೋಣ. ಡಿಎಂಗಳಲ್ಲಿ ಬಂದಿದ್ದನ್ನೇ ತಗೊಂಡಿದೀನಿ.

"ನಾವು ಬಿಕಾಂ ಮಗಾ, ಇದು ಬಿಸಿಎಯವರ ತಲೆನೋವು." ಹೌದಾ? ನಾಳೆ ಆಡಿಟ್ ಆಫೀಸಲ್ಲಿ ಕೂತಾಗ "ಈ ವರ್ಷ ಒಂದೂ ಪೇಮೆಂಟ್ ಮಾಡದ ಗ್ರಾಹಕರ ಪಟ್ಟಿ ಕೊಡು" ಅಂತಾರೆ. ಪೇಮೆಂಟ್ ಟೇಬಲಿಂದ ಶುರು ಮಾಡಿದ್ರೆ ಒಂದು ಪೈಸೆ ಕೊಡದವನೇ ಪಟ್ಟಿಯಿಂದ ತಪ್ಪಿಸ್ಕೊಳ್ತಾನೆ. ಎಕ್ಸೆಲ್ಲಲ್ಲೂ ಇದೇ ಕಥೆ. ಪೇಮೆಂಟ್ ಶೀಟಿಗೆ ಪಿವಟ್ ಟೇಬಲ್ ಹಾಕಿದ್ರೆ ಅದರಲ್ಲಿ ಇರೋರು ಮಾತ್ರ ಬರ್ತಾರೆ. ಗ್ರಾಹಕರ ಮಾಸ್ಟರ್ ಲಿಸ್ಟ್ ಪಕ್ಕ ಕೌಂಟ್‌ಇಫ್ ಹಾಕಿದ್ರೆ ಸೊನ್ನೆ ಬರುತ್ತೆ. ಸೊನ್ನೆ ಬರೋದು ಬಿಡೋದು ನೀವು ಎಲ್ಲಿಂದ ಶುರು ಮಾಡ್ತೀರ ಅನ್ನೋದರ ಮೇಲೆ.

"ತಪ್ಪು ಸಾಫ್ಟ್‌ವೇರಿಂದು." ಅಲ್ಲ. ಎಡ್ಗರ್ ಕಾಡ್ ಟೇಬಲ್‌ಗಳ ಈ ಸಿದ್ಧಾಂತ ಮುಂದಿಟ್ಟಿದ್ದು 1970ರಲ್ಲಿ. ಲೆಫ್ಟ್ ಜಾಯಿನ್ ಎಸ್‌ಕ್ಯುಎಲ್‌ನ ಅಧಿಕೃತ ಮಾನದಂಡಕ್ಕೆ ಬಂದಿದ್ದು 1992ರಲ್ಲಿ. ಅಂದ್ರೆ ನಾವು ಹುಟ್ಟೋ ಮುಂಚೆಯೇ ಸಾಧನ ತಯಾರಿತ್ತು. ನಾನು ಕೇಳಿದ್ದು "ಬಂದವರಲ್ಲಿ ಕಡಿಮೆ ಬಂದವರು ಯಾರು" ಅಂತ. ಅದಕ್ಕೆ ಸರಿಯಾದ ಉತ್ತರವೇ ಬಂತು. ಪ್ರಶ್ನೆ ತಪ್ಪಿತ್ತು.

"ಎಐ ಬರೆದುಕೊಡುತ್ತೆ ಬಿಡು." ಬರೆದುಕೊಡುತ್ತೆ. ಆದ್ರೆ ಬಂದ ಉತ್ತರದಲ್ಲಿ ಯಾರಿಲ್ಲ ಅಂತ ನೋಡೋರು ಯಾರು? ನಿಮ್ಮ ಕ್ಲಾಸಲ್ಲಿ ಯಾರಿದಾರೆ ಅನ್ನೋದು ಅದಕ್ಕೆ ಗೊತ್ತಿಲ್ಲ, ನಿಮಗೆ ಗೊತ್ತು.

"ಒಬ್ಬ ತಾನೇ ಬಿಟ್ಟುಹೋಗಿದ್ದು." ಇದಕ್ಕೆ ನಾನು ಉತ್ತರ ಕೊಡಲ್ಲ. ಆ ಒಬ್ಬ ನಿನ್ನ ತಮ್ಮ ಅಂದ್ಕೊಂಡು ಇದೇ ವಾಕ್ಯ ಗಟ್ಟಿಯಾಗಿ ಓದು.

ಒಂದು ವಾದ ಮಾತ್ರ ಒಪ್ಪಲೇಬೇಕು: "ಸೊನ್ನೆ ಬಂತು ಅಂದ್ರೆ ಬಂದಿಲ್ಲ ಅಂತಲೇ ಅರ್ಥ ಅಲ್ಲ, ಹಾಜರಾತಿ ಎಂಟ್ರಿ ಆಗಿಲ್ದೇನೂ ಇರಬಹುದು." ಪೂರ್ತಿ ನಿಜ. ಡೇಟಾ ತುಂಬದೇ ಇದ್ರೂ ಸೊನ್ನೆಯೇ ಬರುತ್ತೆ. ಅದಕ್ಕೇ ಸೊನ್ನೆ ಕಂಡ ಕೂಡಲೇ ಯಾರ ಮೇಲೂ ತೀರ್ಪು ಕೊಡಬೇಡಿ, ಹೋಗಿ ವಿಚಾರಿಸಿ. ಆದ್ರೆ ವಿಚಾರಿಸೋಕಾದ್ರೂ ಹೆಸರು ಪಟ್ಟೀಲಿರಬೇಕು.

ಭಾಗ 7/8

ಇದು ನಮ್ಮ ಲ್ಯಾಬಿಗೆ ಮುಗಿಯೋ ಕಥೆ ಅಲ್ಲ.

ಜಿಎಸ್‌ಟಿ ಕ್ಲಾಸ್ ನೆನಪಿದೆಯಾ? ರಿಜಿಸ್ಟ್ರೇಷನ್ ಮಾಡಿಸ್ಕೊಂಡ ಅಂಗಡಿಯವನು ಆ ಅವಧೀಲಿ ಒಂದು ರೂಪಾಯಿ ವ್ಯಾಪಾರ ಮಾಡದಿದ್ರೂ ಜಿಎಸ್‌ಟಿಆರ್-3ಬಿ ಹಾಕಲೇಬೇಕು. ಅದಕ್ಕೇ ನಿಲ್ ರಿಟರ್ನ್ ಅನ್ನೋದು. ತಡವಾದ್ರೆ ನಿಲ್ ಆಗಿದ್ರೂ ದಿನಕ್ಕೆ 20 ರೂಪಾಯಿ ಲೇಟ್ ಫೀ. ಯಾಕೆ? ಸುಮ್ಮನಿದ್ರೆ ವ್ಯಾಪಾರ ಇಲ್ಲವೋ, ಮುಚ್ಚಿಟ್ಟಿದ್ದಾನೋ ಅಂತ ಇಲಾಖೆಗೆ ಗೊತ್ತಾಗಲ್ಲ. ಸೊನ್ನೆ ಅಂತ ಬಾಯಿಬಿಟ್ಟು ಹೇಳಬೇಕು. ತೆರಿಗೆ ಬರೋ ಕಡೆ ಸೊನ್ನೇನ ಇಷ್ಟು ಶಿಸ್ತಾಗಿ ಕೇಳ್ತಾರೆ.

ಈಗ ಇನ್ನೊಂದು ಕಡೆ ನೋಡಿ. 2005ರ ನರೇಗಾ ಕಾಯ್ದೆ ಗ್ರಾಮೀಣ ಕುಟುಂಬಕ್ಕೆ ವರ್ಷಕ್ಕೆ 100 ದಿನ ಕೆಲಸದ ಖಾತ್ರಿ ಕೊಟ್ಟಿತು. "ಕುಟುಂಬಕ್ಕೆ ಸರಾಸರಿ ಇಷ್ಟು ದಿನ ಕೆಲಸ" ಅಂತ ಬರ್ತಿದ್ದ ಲೆಕ್ಕದಲ್ಲಿ ಭಾಗಿಸ್ತಿದ್ದದ್ದು ಕೆಲಸ ಸಿಕ್ಕ ಕುಟುಂಬಗಳಿಂದ. ಜಾಬ್ ಕಾರ್ಡ್ ಹಿಡ್ಕೊಂಡು ಕೆಲಸ ಕೇಳಿ ಒಂದು ದಿನವೂ ಸಿಗದ ಮನೆ ಆ ಸರಾಸರಿಯೊಳಗೆ ಬರಲ್ಲ. ನನ್ನ 1.75 ನೆನಪಾಯ್ತಾ?

ಸರಿಯಾಗಿ ಮಾಡಿದ ಉದಾಹರಣೆನೂ ಇದೆ. ಕೇಂದ್ರ ಶಿಕ್ಷಣ ಸಚಿವಾಲಯದ ಯುಡೈಸ್ ಪ್ಲಸ್ ವರದಿ ಒಂದೂ ಮಗು ಇಲ್ಲದ ಶಾಲೆಗಳನ್ನ ಬೇರೆಯಾಗಿ ಎಣಿಸುತ್ತೆ. 2024-25ರಲ್ಲಿ ದೇಶದಲ್ಲಿ ಅಂಥ ಶಾಲೆ 7,993. ಈ ಸಂಖ್ಯೆ ಸಿಕ್ಕಿದ್ದು ಎಣಿಕೆ ಶಾಲೆಗಳ ಪಟ್ಟಿಯಿಂದ ಶುರುವಾಗಿದ್ದಕ್ಕೆ. ಮಕ್ಕಳ ಪಟ್ಟಿಯಿಂದ ಶುರು ಮಾಡಿದ್ದಿದ್ರೆ ಅಷ್ಟೂ ಶಾಲೆ ಗಾಳೀಲಿ ಕರಗಿ ಹೋಗ್ತಿತ್ತು, ಪೇಪರಲ್ಲಿ ಸುದ್ದಿನೂ ಆಗ್ತಿರಲಿಲ್ಲ.

ಒಂದು ಸಮಾಧಾನದ ಮಾತು. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಒಂಬತ್ತನೇ ಶತಮಾನದಲ್ಲಿ, ಮಹಾವೀರಾಚಾರ್ಯ ಗಣಿತಸಾರಸಂಗ್ರಹ ಬರೆದ. ದೊಡ್ಡ ಗಣಿತಜ್ಞ. ಅಂಥವನೂ ಸಂಖ್ಯೆಯನ್ನ ಸೊನ್ನೆಯಿಂದ ಭಾಗಿಸಿದ್ರೆ ಸಂಖ್ಯೆ ಹಾಗೇ ಉಳಿಯುತ್ತೆ ಅಂದುಬಿಟ್ಟ. ಅದು ತಪ್ಪು. ಸೊನ್ನೆ ಎಂಥವರನ್ನೂ ಎಡವಿಸುತ್ತೆ, ಅದರಲ್ಲಿ ನಾಚಿಕೆ ಇಲ್ಲ. ಎಡವಿದ್ದು ಗೊತ್ತಾದ್ಮೇಲೂ ಅದೇ ಕ್ವೆರಿ ಜೂನಿಯರ್‌ಗೆ ಫಾರ್ವರ್ಡ್ ಮಾಡೋದ್ರಲ್ಲಿದೆ.

ಭಾಗ 8/8

ಫೋಟೋ: ಹೊಸ ಪ್ರಿಂಟೌಟ್. ಹೆಸರುಗಳನ್ನ ಮುಚ್ಚಿದೀನಿ, ಸಂಖ್ಯೆ ಕಾಣುತ್ತೆ.

ನಮ್ಮ ರೆಕಾರ್ಡ್ ಬುಕ್ ಸಂಸ್ಕೃತಿ ಮೇಲೆ ನನಗೆ ಕೋಪ ಇದೆ. ಔಟ್‌ಪುಟ್ ಬಂತಾ, ಬಂತು. ಸ್ಕ್ರೀನ್‌ಶಾಟ್ ಅಂಟಿಸು, ಸೈನ್ ತಗೋ, ಹೋಗು. ಲ್ಯಾಬಿನ ಉದಾಹರಣೆಗಳಲ್ಲಿ ಎಲ್ಲರಿಗೂ ಡಿಪಾರ್ಟ್‌ಮೆಂಟ್ ಇರುತ್ತೆ, ಎಲ್ಲ ಗ್ರಾಹಕರೂ ಆರ್ಡರ್ ಮಾಡಿರ್ತಾರೆ. ಜೋಡಿ ಇಲ್ಲದವರು ಅಲ್ಲಿ ಯಾರೂ ಇಲ್ಲ. ಅಂಥ ಡೇಟಾದಲ್ಲಿ ತಪ್ಪು ಕ್ವೆರಿ ಸರಿ ಕ್ವೆರಿ ಎರಡೂ ಒಂದೇ ಉತ್ತರ ಕೊಡುತ್ತೆ. ಕಲಿಯೋದು ಹೇಗೆ?

ಹಾಗಾಗಿ ನನ್ನ ಬೇಡಿಕೆ ನಾಲ್ಕು. ನಮ್ಮೆಲ್ಲರಿಗೂ, ಮೊದಲು ನನಗೆ.

ಒಂದು: ಲ್ಯಾಬಲ್ಲಿ ಎಣಿಸೋ ಕ್ವೆರಿ ಬರೆಯೋ ಮುಂಚೆ, ಒಂದೂ ಎಂಟ್ರಿ ಇಲ್ಲದ ಒಬ್ಬರನ್ನ ಟೇಬಲಿಗೆ ಬೇಕಂತಲೇ ಸೇರಿಸಿ. ಉತ್ತರದಲ್ಲಿ ಅವರ ಎದುರು 0 ಬಂದ್ರೆ ಮಾತ್ರ ಸೈನ್ ತಗೊಳ್ಳಿ.

ಎರಡು: ಯಾರನ್ನ ಹುಡುಕ್ತಿದೀರೋ ಅವರ ಪೂರ್ತಿ ಪಟ್ಟಿಯಿಂದ ಶುರು ಮಾಡಿ. ಹಾಜರಾತಿ ಪುಸ್ತಕದಿಂದ ಅಲ್ಲ, ಅಡ್ಮಿಷನ್ ರಿಜಿಸ್ಟರಿಂದ.

ಮೂರು: ಉತ್ತರ ಬಂದಾಗ ತಲೆ ಎಣಿಸಿ. ಫಿಲ್ಟರ್ ಹಾಕೋ ಮುಂಚೆ ಕ್ಲಾಸಲ್ಲಿ 62 ಜನ ಇದ್ರೆ ಉತ್ತರದಲ್ಲೂ 62 ಸಾಲು ಇರಬೇಕು. 61 ಬಂತಾ? ನಿಲ್ಲಿ. ಕಾಣೆಯಾಗಿರೋದು ಒಬ್ಬ ಮನುಷ್ಯ. ಕ್ಯಾಶ್ ಬುಕ್ಕಿಗೂ ಪಾಸ್ ಬುಕ್ಕಿಗೂ ಒಂದು ರೂಪಾಯಿ ತಾಳೆಯಾಗದಿದ್ರೆ ರಾತ್ರಿಯೆಲ್ಲ ಕೂರ್ತೀವಿ. ಮನುಷ್ಯರ ವಿಷಯದಲ್ಲಿ ಅಷ್ಟಾದರೂ ಬೇಡವಾ?

ನಾಲ್ಕು: ಯಾರಾದ್ರೂ ಪಟ್ಟಿ ಕೊಟ್ರೆ, ಅದರಲ್ಲಿ ಯಾರಿದಾರೆ ಅಂತ ನೋಡಿದ ಮೇಲೆ ಯಾರಿಲ್ಲ ಅಂತ ಕೇಳಿ. ಸ್ಕಾಲರ್‌ಶಿಪ್ ಪಟ್ಟಿ ಇರಲಿ, ಹಾಸ್ಟೆಲ್ ಪಟ್ಟಿ ಇರಲಿ, ನಮ್ಮ ಫೆಸ್ಟ್ ವಾಲಂಟಿಯರ್ ಪಟ್ಟಿ ಇರಲಿ.

ಸರಿ ಮಾಡಿದ ಕ್ವೆರೀನ ಮೇಡಂಗೆ ಕೊಟ್ಟಿದೀನಿ. ಈ ಸೆಮಿಸ್ಟರ್‌ನ ಮೊದಲ ಪಟ್ಟಿ ಹೋದ ವಾರ ಬಂತು. ನಮ್ಮ ಕ್ಲಾಸಿಗೆ 14 ಹೆಸರು. ಹಳೇ ಕ್ವೆರಿ ಓಡಿಸಿ ನೋಡಿದೆ, 12 ತೋರಿಸ್ತು. ಇಬ್ಬರ ಎದುರು 0 ಇತ್ತು. ಆ ಎರಡು ಮನೆಗೂ ಫೋನ್ ಹೋಗಿದೆ. ಒಬ್ಬಳು ಸೋಮವಾರದಿಂದ ಬರ್ತಿದಾಳೆ.

ಇನ್ನೊಬ್ಬ ಯಾರು ಅಂತ ನಿಮಗೆ ಗೊತ್ತಾಗಿರ್ಬೇಕು. ಅವನಿಗೆ ಫೋನ್ ಮಾಡಿದ್ದು ನಾನೇ. ಯಾರ್ಡ್ ಮಾಲೀಕರ ಹತ್ರ ಮಧ್ಯಾಹ್ನದ ಪಾಳಿ ಕೇಳ್ತೀನಿ ಅಂದಿದಾನೆ. ಬರ್ತಾನೋ ಇಲ್ವೋ ಇನ್ನೂ ಗೊತ್ತಿಲ್ಲ. ಅವನ ಜಾಗದಲ್ಲಿ ಬ್ಯಾಗ್ ಇಡಬೇಡಿ.

#ಸೊನ್ನೆಯೂಲೆಕ್ಕ #ಆಟಕ್ಕುಂಟುಲೆಕ್ಕಕ್ಕಿಲ್ಲ #ಬಿಕಾಂಬದುಕು #ಲೆಫ್ಟ್‌ಜಾಯಿನ್ #ಕನ್ನಡದಲ್ಲಿಡೇಟಾ